ಕ್ಯಾಮೆರಾ ಬೇಕೆಂದು ಬರೆದ ಮೂರು ಅರ್ಜಿಗಳು

ಎಂಡೋಸ್ಕೋಪಿ ವಿಭಾಗಕ್ಕೆ ಹೊಸ ವಿಡಿಯೊ ಯಂತ್ರ ಬಂದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ಅದನ್ನು ನೋಡಲು ಹೋಗದೆ ಉಳಿದದ್ದು. ಇಡೀ ಆಸ್ಪತ್ರೆ ಹೋಗಿ ನೋಡಿ ಬಂತು. ಲಾಂಡ್ರಿಯವರು ಹೋದರು, ಗೇಟಿನ ಕಾವಲಿನವರು ಹೋದರು, ಹಲ್ಲಿನ ಡಾಕ್ಟರು ಎರಡು ಸಲ ಹೋದರು. ಎಂಡೋಸ್ಕೋಪಿಯ ಇನ್‌ಚಾರ್ಜ್ ಸಿಸ್ಟರ್ ಹಂಚಿದ ಬಹ್ರೇನಿ ಹಲ್ವದ ಒಂದು ತುಂಡು ನನ್ನ ಮೇಜಿಗೂ ಬಂತು. ಸಕ್ಕರೆ ಕಾಯಿಲೆ ಎಂದು ಹೇಳಿ ವಾಪಸು ಕಳಿಸಿದೆ. ನನಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಈಗಲೂ ಇಲ್ಲ.

ಇದು ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ಬಹ್ರೇನಿನ ಮನಾಮಾದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಆಪರೇಶನ್ ಥಿಯೇಟರಿನ ಇನ್‌ಚಾರ್ಜ್ ಆಗಿದ್ದೆ. ಊರಿನ ಮನೆಗಳಿಂದಲೂ ದಪ್ಪ ಬೆನ್ನಿನ ಟೀವಿಗಳು ಹೊರಟುಹೋಗಿ, ಗೋಡೆಗೆ ಅಂಟುವ ತೆಳು ಟೀವಿಗಳು ಬಂದು ಕೂತಿದ್ದ ಕಾಲ. ಈ ಸುದ್ದಿ ನನ್ನ ಥಿಯೇಟರಿಗೆ ಮಾತ್ರ ತಲುಪಿರಲಿಲ್ಲ. ಹೊಟ್ಟೆಯಲ್ಲಿ ನಾಲ್ಕು ಸಣ್ಣ ತೂತು ಮಾಡಿ, ಒಂದರೊಳಗೆ ದುರ್ಬೀನಿನಂಥ ಕೊಳವೆ ತೂರಿಸಿ, ಅದರ ತಲೆಗೆ ಕ್ಯಾಮೆರಾ ಸಿಕ್ಕಿಸಿ, ಪರದೆ ನೋಡುತ್ತ ಪಿತ್ತಕೋಶ ತೆಗೆಯುವ ಲ್ಯಾಪ್ರೋಸ್ಕೋಪಿ ನಮ್ಮಲ್ಲಿ ವಾರಕ್ಕೆ ಎರಡು ದಿನ ನಡೆಯುತ್ತಿತ್ತು. ಆ ಪರದೆಯಲ್ಲಿ ಪಿತ್ತಕೋಶ ಕೆಂಪು, ಲಿವರು ಕೆಂಪು, ಕೊಬ್ಬು ಕೆಂಪು. ಶುರುವಿನಲ್ಲಿ ಬಣ್ಣ ಸರಿಪಡಿಸಲೆಂದು ಕ್ಯಾಮೆರಾದೆದುರು ಗಾಯಕ್ಕೆ ಕಟ್ಟುವ ಬಿಳಿ ಗಾಜ್ ಬಟ್ಟೆ ಹಿಡಿದು ಒಂದು ಗುಂಡಿ ಒತ್ತುವ ಕ್ರಮವುಂಟು. ನಮ್ಮ ಕ್ಯಾಮೆರಾ ಆ ಬಿಳಿ ಬಟ್ಟೆಯನ್ನೂ ನಸುಗೆಂಪಾಗಿ ತೋರಿಸಿ, ಬಣ್ಣ ಸರಿಯಾಯಿತು ಎಂದು ಕಿರುಗುಟ್ಟಿ ಘೋಷಿಸುತ್ತಿತ್ತು.

ಎಂಡೋಸ್ಕೋಪಿಯ ಆ ಸಿಸ್ಟರ್ ಮತ್ತು ನಾನು ಒಂದೇ ವರ್ಷ, ಒಂದೇ ಏಜೆಂಟನ ಕೈಯಿಂದ ಬಹ್ರೇನಿಗೆ ಬಂದವರು. ಅವರು ಕಾರ್ಕಳದ ಕಡೆಯವರು, ನಾನು ಮೂಲ್ಕಿಯವ. ಅವರ ಮನೆಮಾತು ಕೊಂಕಣಿ, ನನ್ನದು ತುಳು. ಆದ್ದರಿಂದ ಇಬ್ಬರಿಗೂ ಸಮದೂರದಲ್ಲಿರುವ ಕನ್ನಡದಲ್ಲಿ ನಾವು ಪರಸ್ಪರ ಗೌರವದಿಂದ ಕುಟುಕಿಕೊಳ್ಳುತ್ತಿದ್ದೆವು. ನನಗೆ ಆಪರೇಶನ್ ಥಿಯೇಟರು, ಅವರಿಗೆ ಕಾರಿಡಾರಿನ ತುದಿಯ ಸಣ್ಣ ಕೋಣೆ ಎಂದು ಹಂಚಿಕೆಯಾದಾಗ ನಾನು ಅವರಿಗಾಗಿ ಒಳಗೊಳಗೇ ಮರುಗಿದ್ದೆ. ಆ ಮರುಕ ಎಷ್ಟು ಸುಖದ್ದಾಗಿತ್ತು ಎಂಬುದು ಅವರ ಹೊಸ ಪರದೆ ಬಂದ ಮೇಲೆಯೇ ನನಗೆ ತಿಳಿದದ್ದು.

ಮೂರನೆಯ ದಿನ ಬೇರೆ ಕೆಲಸದ ನೆಪದಲ್ಲಿ ಅತ್ತ ನಡೆದೆ. ಬಾಗಿಲು ಅರ್ಧ ತೆರೆದಿತ್ತು. ಯಾರದೋ ಜಠರದ ಒಳಗೋಡೆ ಪರದೆಯ ಮೇಲೆ ಹಲಸಿನ ತೊಳೆಯ ಹಾಗೆ ಮಿನುಗುತ್ತಿತ್ತು. ಒಂದೊಂದು ರಕ್ತನಾಳವನ್ನೂ ಬಾಗಿಲಿನಿಂದಲೇ ಎಣಿಸಬಹುದಿತ್ತು. ಅಷ್ಟು ಸುಂದರವಾದ ಹೊಟ್ಟೆಯುರಿಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ರೋಗಿಯದ್ದಲ್ಲ, ನನ್ನದು.

ಹೊಟ್ಟೆಯುರಿಯೊಂದೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಅದೇ ವಾರ ನಮ್ಮ ಸರ್ಜನ್ ಕೈ ತೊಳೆಯುತ್ತ ಒಂದು ಮಾತು ಹೇಳಿದರು. ಬೆಂಗಳೂರಿನವರು, ಸಿಟ್ಟನ್ನೂ ಸೌಮ್ಯವಾಗಿಯೇ ಹೇಳುವವರು. ಈ ವರ್ಷ ಹೊಸ ಕ್ಯಾಮೆರಾ ಟವರ್ ಬರದಿದ್ದರೆ ತಮ್ಮ ಲ್ಯಾಪ್ರೋಸ್ಕೋಪಿ ಕೇಸುಗಳನ್ನೆಲ್ಲ ಬೇರೆ ಆಸ್ಪತ್ರೆಗೆ ಒಯ್ಯುವುದಾಗಿ ಮ್ಯಾನೇಜ್‌ಮೆಂಟಿಗೆ ಬರೆದುಕೊಟ್ಟಿದ್ದೇನೆ ಎಂದರು. ಟವರ್ ಎಂದರೆ ಚಕ್ರದ ಮೇಲಿನ ಒಂದು ಕಪಾಟು. ಮೇಲೆ ಪರದೆ, ಕೆಳಗೆ ಕ್ಯಾಮೆರಾದ ಪೆಟ್ಟಿಗೆ, ಅದರ ಕೆಳಗೆ ಬೆಳಕಿನ ಪೆಟ್ಟಿಗೆ. ಆ ಕಪಾಟು ಬರದಿದ್ದರೆ ಲ್ಯಾಪ್ರೋಸ್ಕೋಪಿ ನಡೆಯುವ ನನ್ನ ಎರಡನೆಯ ಥಿಯೇಟರು ಗಾಯ ಕಟ್ಟುವ ಕೋಣೆಯಾಗುತ್ತದೆ, ನಾನು ಅದರ ಇನ್‌ಚಾರ್ಜ್ ಆಗುತ್ತೇನೆ. ಕಾರಿಡಾರಿನ ತುದಿಯಲ್ಲಿ ನನಗಾಗಿ ಒಬ್ಬರು ಮರುಗುತ್ತಾರೆ.

ಅರ್ಜಿ ಬರೆದೆ. ನಾನು ಹಳೆಯ ಕಾಲದ ಶಾಲೆಯಲ್ಲಿ ಕಲಿತವ. ಅರ್ಜಿ ಎಂದರೆ ವಿನಯ, ವಿನಯ ಎಂದರೆ ಚಿಕ್ಕದಾಗಿರುವುದು ಎಂದು ತಿಳಿದವ. ಚಿತ್ರ ಸ್ಪಷ್ಟವಿಲ್ಲ, ಯಂತ್ರ ಹಳತಾಗಿದೆ, ದಯವಿಟ್ಟು ಹೊಸತನ್ನು ಕೊಳ್ಳಬೇಕಾಗಿ ಕೋರಿಕೆ. ಮೂರು ಸಾಲು ಇಂಗ್ಲಿಷ್, ಕೆಳಗೆ ಸಹಿ. ಸಹಿ ಸಾಲುಗಳಿಗಿಂತ ದೊಡ್ಡದಿತ್ತು.

ಎರಡನೆಯ ದಿನವೇ ಅದು ವಾಪಸು ಬಂತು. ಮೇಲೆ ವೈದ್ಯಕೀಯ ನಿರ್ದೇಶಕರ ಕೈಬರಹದಲ್ಲಿ ಮೂರು ಪ್ರಶ್ನೆ: ಎಷ್ಟು ಕೇಸಿನಲ್ಲಿ ತೊಂದರೆಯಾಗಿದೆ, ರೋಗಿಗೆ ಏನಾಗಿದೆ, ರಿಪೇರಿ ಯಾಕೆ ಸಾಲದು.

ಅದನ್ನು ತಂದುಕೊಟ್ಟವರು ಪರ್ಚೇಸ್ ವಿಭಾಗದ ಸಾಹೇಬರು. ಉಳ್ಳಾಲದವರು, ವಯಸ್ಸಿನಲ್ಲಿ ನನಗಿಂತ ಹಿರಿಯರು. ಆಸ್ಪತ್ರೆಗೆ ಸೂಜಿಯಿಂದ ಲಿಫ್ಟಿನವರೆಗೆ ಏನೇ ಬಂದರೂ ಅವರ ಕೈ ದಾಟಿಯೇ ಬರಬೇಕು. ಕುರ್ಚಿ ಎಳೆದು ಕೂತು, ಚಹಾ ತರಿಸಿ, ಇದು ಅರ್ಜಿಯಲ್ಲ, ಪೋಸ್ಟ್ ಕಾರ್ಡು ಎಂದರು.

"ಅವರ ಫೈಲು ನೋಡಿ ಮಾರಾಯ್ರೆ, ಎಂಡೋಸ್ಕೋಪಿಯವರದ್ದು. ಎಷ್ಟು ಚಂದ ಬರ್ದಿದ್ದಾರೆ. ಖರೀದಿ ಕಮಿಟಿಯಲ್ಲಿ ಒಬ್ರೂ ಬಾಯಿ ಬಿಡ್ಲಿಲ್ಲ."

ಆ ಫೈಲನ್ನು ಓದುವುದಕ್ಕಿಂತ ಒಂದು ಹಲ್ಲು ಕೀಳಿಸಿಕೊಳ್ಳುವುದು ಮೇಲಾಗಿತ್ತು. ಆದರೂ ಮನೆಗೆ ಒಯ್ದು ಓದಿದೆ. ಸಿಸ್ಟರ್ ಎರಡು ತಿಂಗಳು ಪ್ರತಿ ರೋಗಿಯ ಹೆಸರಿನೆದುರು ಚಿತ್ರ ಎಲ್ಲಿ ಕೆಟ್ಟಿತು, ಎಷ್ಟು ನಿಮಿಷ ಕೆಲಸ ನಿಂತಿತು, ಮತ್ತೆ ಕರೆಸಬೇಕಾಯಿತೇ ಎಂದೆಲ್ಲ ಗೀಟು ಹಾಕಿ ಬರೆದಿದ್ದರು. ಹಳೆಯ ಯಂತ್ರದ ಚಿತ್ರ, ಪರೀಕ್ಷೆಗೆ ತರಿಸಿದ ಹೊಸ ಯಂತ್ರದ ಚಿತ್ರ ಅಕ್ಕಪಕ್ಕ ಅಂಟಿಸಿದ್ದರು. ಅಕ್ಷರವೂ ದುಂಡಗಿತ್ತು. ಒಂದೇ ಒಂದು ಕಾಗುಣಿತದ ತಪ್ಪು ಸಿಕ್ಕಿತು. ಅದಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಆಮೇಲೆ ನಾಚಿಕೆಯಾಗಿ ಅಳಿಸಿದೆ.

ಮರುವಾರದಿಂದ ನನ್ನ ಥಿಯೇಟರಿನಲ್ಲೂ ಒಂದು ಪುಸ್ತಕ ತೆರೆಯಿತು. ನನ್ನದರಲ್ಲಿ ಅವರದ್ದಕ್ಕಿಂತ ಎರಡು ಕಾಲಮ್ಮು ಹೆಚ್ಚು. ಕತ್ತಲೆ, ಬಣ್ಣದೋಷ, ಚಿತ್ರ ಹಾರುವುದು, ಕೊಳವೆಗೆ ಮಂಜು ಹಿಡಿಯುವುದು, ಕೆಲಸ ನಿಂತ ನಿಮಿಷ, ಸರ್ಜನ್ ಆಡಿದ ಮಾತು. ಕೊನೆಯ ಕಾಲಮ್ಮನ್ನು ಸಭ್ಯತೆಯ ದೃಷ್ಟಿಯಿಂದ ಆಮೇಲೆ ಬಿಟ್ಟೆ. ಮಂಜಿನ ದೂರು ಕೊಳವೆಯನ್ನು ಬಿಸಿ ಸಲೈನಿನಲ್ಲಿ ಅದ್ದಿದರೆ ಹೋಗುತ್ತದೆ. ಅದನ್ನು ಕ್ಯಾಮೆರಾದ ಲೆಕ್ಕಕ್ಕೆ ಹಾಕಲಿಲ್ಲ. ಅಷ್ಟರಮಟ್ಟಿಗೆ ನಾನು ನ್ಯಾಯವಂತ. ಉಳಿದವುಗಳಲ್ಲಿ ಕತ್ತಲೆಯದ್ದೇ ಮೊದಲ ಸ್ಥಾನ. ಬೆಳಕಿನ ಪೆಟ್ಟಿಗೆಯನ್ನು ಕೊನೆಯ ಗುರುತಿನವರೆಗೆ ತಿರುಗಿಸಿಟ್ಟರೂ ಒಳಗೆ ಸಂಜೆಯಾಗಿರುತ್ತಿತ್ತು. ಲ್ಯಾಂಪು ಹೊಸದೇ. ಯಂತ್ರಗಳ ರಿಪೇರಿ ನೋಡುವ ಬಯೊಮೆಡಿಕಲ್ ವಿಭಾಗದವರು ಬಂದು, ಸ್ವಿಚ್ ಒತ್ತಿ, ಉರಿಯುತ್ತದಲ್ಲ ಎಂದು ಹೇಳಿ ಹಸಿರು ಚೀಟಿ ಅಂಟಿಸಿ ಹೋದರು. ಹಾಗಾದರೆ ದೋಷ ಕ್ಯಾಮೆರಾದ್ದು ಎಂದು ನಾನು ತೀರ್ಮಾನಿಸಿದೆ. ಆ ತೀರ್ಮಾನ ನನಗೆ ಬೇಕಾಗಿತ್ತು.

ಐದನೆಯ ವಾರ ಟೇಬಲಿನ ಮೇಲೆ ಮಲಗಿದವ ಮನಾಮಾಕ್ಕೆ ಹತ್ತಿರದ ಟುಬ್ಲಿಯ ಒಂದು ಗ್ಯಾರೇಜಿನ ಮೆಕ್ಯಾನಿಕ್. ಬಂಟ್ವಾಳದ ಕಡೆಯವ, ವಯಸ್ಸು ಮೂವತ್ತೈದರ ಆಚೀಚೆ. ಮಲಗುವ ಮುಂಚೆ ನನ್ನ ಕನ್ನಡ ಕೇಳಿ ಖುಷಿಪಟ್ಟು, ಒಂದು ವಾರದಲ್ಲಿ ಕೆಲಸಕ್ಕೆ ಹೋಗಬಹುದಲ್ಲ ಎಂದು ಎರಡು ಸಲ ಕೇಳಿದ್ದ. ಹೋಗಬಹುದು ಎಂದು ಎರಡು ಸಲವೂ ನಾನೇ ಹೇಳಿದ್ದೆ.

ಪಿತ್ತಕೋಶದ ಬುಡದಲ್ಲಿ ಎರಡು ನಾಳಗಳು ಅಕ್ಕಪಕ್ಕ ಇರುತ್ತವೆ. ಒಂದು ಪಿತ್ತದ್ದು, ಇನ್ನೊಂದು ರಕ್ತದ್ದು. ಎರಡನ್ನೂ ಬಿಡಿಸಿ, ಗುರುತಿಸಿ, ಕ್ಲಿಪ್ ಹಾಕಿದ ಮೇಲೆಯೇ ಕತ್ತರಿಸಬೇಕು. ಅದರ ಪಕ್ಕದಲ್ಲೇ ಲಿವರಿನ ದೊಡ್ಡ ಪಿತ್ತನಾಳ. ತಪ್ಪಿ ಅದಕ್ಕೆ ಕತ್ತರಿ ತಾಗಿದರೆ ಮನುಷ್ಯನ ಬದುಕೇ ಹಾಳು. ಆ ದಿನ ಬುಡದಲ್ಲಿ ಊತವಿತ್ತು. ಸರ್ಜನ್ ಬೆಳಕು ಹೆಚ್ಚಿಸಲು ಹೇಳಿದರು. ಹೆಚ್ಚಿಸಿಯೇ ಇದೆ ಎಂದೆ. ಕೊಳವೆ ಒರೆಸಿದೆವು, ಕ್ಯಾಮೆರಾ ಬಿಚ್ಚಿ ಸಿಕ್ಕಿಸಿದೆವು. ಪರದೆಯಲ್ಲಿ ಕಂದುಗತ್ತಲೆ. ಅವರು ಕೈಯನ್ನು ಅಲುಗಿಸದೆ ಬಹಳ ಹೊತ್ತು ನೋಡಿದರು.

"ಇದು ಡಕ್ಟಾ, ಆರ್ಟರಿನಾ ನಂಗೆ ಗೊತ್ತಾಗ್ತಿಲ್ಲ. ಗೆಸ್ ಮಾಡಿ ಕಟ್ ಮಾಡಕ್ಕಾಗಲ್ಲ. ಓಪನ್ ಮಾಡೋಣ."

ಸರಿಯಾದ ನಿರ್ಧಾರ. ಪಕ್ಕೆಲುಬಿನ ಕೆಳಗೆ ಒಂದು ಗೇಣಿನ ಗಾಯವಾಯಿತು, ಕೆಲಸ ಸುರಕ್ಷಿತವಾಗಿ ಮುಗಿಯಿತು. ದೊಡ್ಡ ಸಲಕರಣೆಗಳ ತಟ್ಟೆ ಬಿಚ್ಚುತ್ತಿರುವಾಗ ನನಗೆ ಅನ್ನಿಸಿದ್ದನ್ನೂ ಬರೆಯಬೇಕು. ಅರ್ಜಿಗೆ ಒಂದು ಒಳ್ಳೆಯ ಕೇಸು ಸಿಕ್ಕಿತು, ಸಿಸ್ಟರ್ ಫೈಲಿನಲ್ಲಿ ಇಂಥದ್ದು ಒಂದೂ ಇಲ್ಲ ಎಂದು ಅನ್ನಿಸಿತು.

ಅಲ್ಲಿಂದ ಎಲ್ಲವೂ ನನ್ನ ಪರವಾಗಿಯೇ ನಡೆಯಿತು. ಒಂದು ಕಂಪನಿಯವರು ಮೂರು ದಿನಕ್ಕೆ ಪರೀಕ್ಷಾರ್ಥ ಹೊಸ ಟವರ್ ತಂದಿಟ್ಟರು. ಪರದೆ, ಕ್ಯಾಮೆರಾ, ಬೆಳಕು, ಕೇಬಲ್ಲು, ಸಕಲವೂ ಅವರದೇ. ಮೊದಲ ಕೇಸಿನಲ್ಲಿ ಚಿತ್ರ ಮೂಡಿದಾಗ ಅರಿವಳಿಕೆಯ ಡಾಕ್ಟರು ಸಹ ಎದ್ದು ಬಂದು ನೋಡಿದರು. ನಮ್ಮ ಚಿತ್ರವನ್ನೂ ಅವರ ಚಿತ್ರವನ್ನೂ ಅಕ್ಕಪಕ್ಕ ಅಚ್ಚು ಹಾಕಿಸಿದೆ. ಒಂದು ಬಾವಿಯ ತಳ, ಇನ್ನೊಂದು ಮಧ್ಯಾಹ್ನದ ಸಮುದ್ರ. ಎರಡನೆಯ ಅರ್ಜಿ ಸಿಸ್ಟರ್ ಫೈಲಿಗಿಂತ ನಾಲ್ಕು ಪುಟ ದಪ್ಪವಾಯಿತು. ಅಡಿಗೋಲು ಹಿಡಿದು ಅಂಚು ಗೀಟಿದೆ. ಒಂದೇ ಒಂದು ಕೊರತೆ: ರೋಗಿಯ ಮಾತು.

ಹೊಲಿಗೆ ಬಿಚ್ಚಿಸಿಕೊಳ್ಳಲು ಮೆಕ್ಯಾನಿಕ್ ಬಂದಾಗ ಓಪಿಡಿಯ ಬೆಂಚಿನಲ್ಲಿ ಅವನ ಪಕ್ಕ ಕೂತೆ. ಗ್ಯಾರೇಜಿನ ಅರಬಾಬು, ಅಂದರೆ ಮಾಲೀಕ, ಸದ್ಯ ಭಾರ ಎತ್ತಬೇಡ ಎಂದು ಸ್ಪೇರ್ ಪಾರ್ಟಿನ ಕೌಂಟರಿನಲ್ಲಿ ಕೂರಿಸಿದ್ದಾನಂತೆ, ಸ್ಪಾನರು ಹಿಡಿಯದೆ ಕೈ ತುರಿಸುತ್ತದಂತೆ. ನಾನು ವಿಷಯ ತೆಗೆದೆ. ಹಳೆಯ ಯಂತ್ರದಿಂದಾಗಿ ನನಗೆ ಹೀಗಾಯಿತು ಎಂದು ಒಂದು ಕಾಗದ ಬರೆದುಕೊಟ್ಟರೆ ಮುಂದಿನವರಿಗೆ ಉಪಕಾರ ಎಂದೆ. ನೀವೇ ಬರೆಯಿರಿ, ಸೈನ್ ಹಾಕುತ್ತೇನೆ ಎಂದ. ನಾನು ಬರೆದೇ ತಂದಿದ್ದೆ. ಹಾಕಿದ. ಪೆನ್ನು ವಾಪಸು ಕೊಡುತ್ತ ಕೇಳಿದ:

"ವಯರ್ ನೋಡಿದ್ರಾ ಅಣ್ಣ?"

"ಎಂತ ವಯರ್?"

"ಬೆಳಕು ಸಾಕಾಗ್ಲಿಲ್ಲ ಅಂತ ಅಲ್ವಾ ಡಾಕ್ಟ್ರು ಹೇಳಿದ್ದು? ಹೆಡ್‌ಲೈಟ್ ಮಂದ ಉಂಟು ಅಂತ ಗಾಡಿ ಬಂದ್ರೆ ನಾವು ಬಲ್ಬ್ ನೋಡ್ತೇವೆ, ವಯರ್ ನೋಡ್ತೇವೆ. ಗಾಡಿಯೇ ಬದಲಿಸಿ ಅಂತ ಹೇಳಿದ್ರೆ ಗಿರಾಕಿ ಬೇರೆ ಗ್ಯಾರೇಜಿಗೆ ಹೋಗ್ತಾನೆ."

ನಕ್ಕೆ. ಇದು ಕಾರಲ್ಲಪ್ಪ ಎಂದೆ. ಅರ್ಜಿಯನ್ನೂ ಅವನ ಕಾಗದವನ್ನೂ ಸಾಹೇಬರ ಮೇಜಿಗೆ ಮುಟ್ಟಿಸಿದೆ. ಕಮಿಟಿ ಇನ್ನು ನಾಲ್ಕು ವಾರಕ್ಕೆ ಎಂದರು. ಈ ಸಲ ಕೆಲಸ ಖಲಾಸ್, ಆದ ಹಾಗೆಯೇ ಎಂದೂ ಹೇಳಿದರು.

ಆದರೆ ಆ ಮಾತು ಹೋಗಲಿಲ್ಲ. ಬೆಳಕಿನ ಪೆಟ್ಟಿಗೆಯಿಂದ ಕೊಳವೆಗೆ ಬೆಳಕು ಒಯ್ಯುವುದು ಒಂದು ಕೇಬಲ್ಲು. ಹೊರಗೆ ರಬ್ಬರು, ಒಳಗೆ ಕೂದಲಿಗಿಂತ ತೆಳುವಾದ ಗಾಜಿನ ಎಳೆಗಳ ದೊಡ್ಡ ಕಂತೆ. ಪರೀಕ್ಷೆಗೆ ಬಂದ ಟವರಿನವರು ತಮ್ಮದೇ ಕೇಬಲ್ ತಂದಿದ್ದರು. ಹಾಗಾದರೆ ನಾನು ಅಕ್ಕಪಕ್ಕ ಅಂಟಿಸಿದ ಚಿತ್ರಗಳಲ್ಲಿ ಹೋಲಿಸಿದ್ದು ಎರಡು ಕ್ಯಾಮೆರಾಗಳನ್ನೋ, ಎರಡು ಕೇಬಲ್ಲುಗಳನ್ನೋ? ಕೇಬಲ್ಲನ್ನು ಪರೀಕ್ಷಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಎಂಡೋಸ್ಕೋಪಿಯ ಸ್ಕೋಪ್ ಎಂಬ ಬಳುಕುವ ಕೊಳವೆಯೊಳಗೂ ಇಂಥವೇ ಎಳೆಗಳು. ಗಾಜಿನ ಎಳೆಗಳ ಜೊತೆಯಲ್ಲೇ ಬಾಳುವೆ ಮಾಡುವವರು ಆಸ್ಪತ್ರೆಯಲ್ಲಿ ಒಬ್ಬರೇ ಇದ್ದರು.

ಎರಡು ದಿನ ತಡೆದೆ. ಮೂರನೆಯ ದಿನ ಕೇಬಲ್ಲನ್ನು ಟವೆಲಿನಲ್ಲಿ ಸುತ್ತಿ, ಮಗುವನ್ನು ಡಾಕ್ಟರಿಗೆ ತೋರಿಸಲು ಹೋಗುವವನ ಹಾಗೆ ಕಾರಿಡಾರಿನ ತುದಿಗೆ ಹೋದೆ.

ಸಿಸ್ಟರ್ ಕುರ್ಚಿ ಕೊಟ್ಟರು. ಸಕ್ಕರೆ ಈಗ ಹೇಗಿದೆ ಎಂದು ವಿಚಾರಿಸಿದರು. ಕಂಟ್ರೋಲಿನಲ್ಲಿದೆ ಎಂದೆ. ಅವರು ಕೇಬಲ್ಲು ಬಿಚ್ಚಿ, ಒಂದು ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಂದು ತುದಿಯನ್ನು ನೋಡಿದರು. ನನ್ನ ಕೈಗೆ ಕೊಟ್ಟರು. ನಾನೂ ನೋಡಿದೆ. ಪೂರ್ಣಚಂದ್ರನ ಹಾಗೆ ಬೆಳಗಬೇಕಾದ ಬಿಳಿ ವೃತ್ತ. ಅದರ ತುಂಬ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿಗಳು, ಒಂದು ಮಗ್ಗುಲಲ್ಲಿ ಚುಕ್ಕಿಗಳೇ ಕೂಡಿ ಒಂದು ಕಪ್ಪು ಕಲೆ. ಒಂದೊಂದು ಚುಕ್ಕಿ ಒಂದೊಂದು ತುಂಡಾದ ಎಳೆ. ಅರ್ಧದಷ್ಟು ಬೆಳಕು ದಾರಿಯಲ್ಲೇ ಸತ್ತಿತ್ತು.

"ಇದನ್ನು ಸುತ್ತಿ ಇಡುವುದು ಯಾರು ಬ್ರದರ್?"

ಇದಕ್ಕೆ ಸ್ವಲ್ಪ ವಿವರಣೆ ಬೇಕು. ನಮ್ಮ ಸ್ಟೆರಿಲೈಸ್ ಮಾಡುವ ಟ್ರೇ ಚಿಕ್ಕದು. ಕೇಬಲ್ಲನ್ನು ಎಡಗೈಯ ನಾಲ್ಕು ಬೆರಳಿಗೆ ಬಿಗಿಯಾಗಿ ಸುತ್ತಿ, ಕೊನೆಗೆ ನಡುವಿಗೊಂದು ಕಟ್ಟು ಹಾಕಿದರೆ ಆ ಟ್ರೇಯಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಈ ವಿಧಾನ ನನ್ನ ಸ್ವಂತ ಸಂಶೋಧನೆ. ಹೊಸದಾಗಿ ಬಂದ ಪ್ರತಿಯೊಬ್ಬ ನರ್ಸಿಗೂ ಮೊದಲ ದಿನವೇ ಕಲಿಸುತ್ತಿದ್ದೆ. ಸಡಿಲವಾಗಿ ಸುತ್ತಿದವರಿಂದ ಬಿಚ್ಚಿಸಿ ಮತ್ತೆ ಸುತ್ತಿಸುತ್ತಿದ್ದೆ. ಶಿಸ್ತು ಎಂದರೆ ಇದು ಎನ್ನುತ್ತಿದ್ದೆ.

"ನಾನೇ" ಎಂದೆ.

"ಗಾಜು ಬ್ರದರ್ ಇದು. ಬಾವಿ ಹಗ್ಗ ಅಲ್ಲ." ದನಿ ತಗ್ಗಿಸಿ ಹೇಳಿದರು, "ನನ್ನ ಮೊದಲಿನ ಸ್ಕೋಪನ್ನು ನಾನೂ ಹಾಗೇ ಮುರಿದದ್ದು. ಯಾರಿಗೂ ಹೇಳ್ಲಿಲ್ಲ."

ಅವರು ನಕ್ಕಿದ್ದರೆ ಸಹಿಸುತ್ತಿದ್ದೆ. ನಗಲಿಲ್ಲ. ಆ ಉಪಕಾರವನ್ನು ನಾನು ಬಹಳ ದಿನ ಕ್ಷಮಿಸಲಿಲ್ಲ.

ಹೊಸ ಕೇಬಲ್ಲಿಗೆ ಚೀಟಿ ಬರೆದೆ. ಸಣ್ಣ ಸಾಮಾನು, ಸಾಹೇಬರು ನಾಲ್ಕು ದಿನದಲ್ಲಿ ತರಿಸಿಕೊಟ್ಟರು. ದೊಡ್ಡ ಟ್ರೇಯನ್ನೂ ಕೇಳಿ ಪಡೆದೆ. ಅದೇ ಹಳೆಯ ಟವರಿಗೆ ಹೊಸ ಕೇಬಲ್ ಸಿಕ್ಕಿಸಿ ಎರಡು ವಾರ ಮತ್ತೆ ಪುಸ್ತಕ ಬರೆದೆ. ಕತ್ತಲೆಯ ಕಾಲಮ್ಮು ಖಾಲಿ. ಇಷ್ಟು ಚೊಕ್ಕವಾಗಿ ಖಾಲಿಯಾಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಒಳ್ಳೆಯ ಸುದ್ದಿಯೊಂದು ಕೆಲಸಗಾರನನ್ನು ಇಷ್ಟು ಕಂಗೆಡಿಸಬಹುದೆಂದೂ ತಿಳಿದಿರಲಿಲ್ಲ. ಬಣ್ಣದೋಷ ಮಾತ್ರ ಹಾಗೆಯೇ ಉಳಿಯಿತು. ಬೆಳಕು ಹೆಚ್ಚಾದಷ್ಟೂ ಕೆಂಪೇ ಹೆಚ್ಚಾಯಿತು, ಪಿತ್ತದ ಹಳದಿಗೂ ರಕ್ತದ ಕೆಂಪಿಗೂ ಅಂತರ ಸಾಲದು. ವಾರಕ್ಕೊಮ್ಮೆಯಾದರೂ ಚಿತ್ರ ಪೂರ್ತಿ ಹಾರಿ, ನೀಲಿ ಪರದೆ ಬಂದು, ಕ್ಯಾಮೆರಾದ ತಲೆಗೆ ತಟ್ಟಿದರೆ ಹಿಂದಿರುಗುತ್ತಿತ್ತು. ಆ ಮಾದರಿಯ ಬಿಡಿಭಾಗ ಈಗ ಸಿಗುವುದಿಲ್ಲ ಎಂದು ತಯಾರಕರ ಏಜೆಂಟನ ಪತ್ರವೂ ಇತ್ತು. ಹೊಸ ಕ್ಯಾಮೆರಾ ಬೇಕೆಂಬುದು ನಿಜ. ಆದರೆ ನನ್ನ ಅರ್ಜಿಯ ಬೆನ್ನೆಲುಬಾಗಿದ್ದದ್ದು ಆ ನಿಜವಲ್ಲ, ಮೆಕ್ಯಾನಿಕ್‌ನ ಹೊಟ್ಟೆ. ಆ ದಿನದ ಕತ್ತಲೆ ಕ್ಯಾಮೆರಾದ್ದಲ್ಲ, ನನ್ನ ನಾಲ್ಕು ಬೆರಳಿನದ್ದು.

ಸರ್ಜನ್‌ಗೆ ಹೇಳಿದೆ. ಅವರು ಕೇಬಲ್ಲನ್ನು ತಾವೂ ಕಿಟಕಿಗೆ ಹಿಡಿದು ನೋಡಿ, ಊತವೂ ಇತ್ತಲ್ಲ, ಬೆಳಕಿದ್ದರೂ ಓಪನ್ ಮಾಡಬೇಕಾಗಿ ಬರುತ್ತಿತ್ತೇನೋ, ಹೇಳಲಾಗದು ಎಂದರು. ಹೇಳಲಾಗದು ಎಂಬುದನ್ನು ಹಿಡಿದು ನಾನು ಒಂದು ದಿನ ಜೋತಾಡಿದೆ. ಸಾಹೇಬರಿಗೂ ಹೇಳಿದೆ. ಅವರು ಮೊದಲು ಬಾಗಿಲು ಹಾಕಿದರು.

"ಕಮಿಟಿಗೆ ಇನ್ನು ನಾಲ್ಕು ದಿನ ಉಂಟು. ಫೈಲು ಒಳ್ಳೆದುಂಟು. ನೀವು ಎಂತಕ್ಕೆ ಮಾರಾಯ್ರೆ ನಿಮ್ಮ ಕೈಯಾರೆ ಕೊಳ್ಳಿ ಇಡುವುದು? ಕೇಬಲ್ ಬದಲಾಯ್ತು, ಮುಗೀತು. ನಾನು ಕೇಳ್ಲಿಲ್ಲ, ನೀವು ಹೇಳ್ಲಿಲ್ಲ."

ಹಾಗೆಯೇ ಬಿಟ್ಟರೆ ಟವರು ಖಂಡಿತ ಬರುತ್ತಿತ್ತು. ಹೇಳಿದರೆ, ಹಾಗಾದರೆ ರಿಪೇರಿಯೇ ಸಾಕಾಯಿತಲ್ಲ ಎಂದು ನಿರ್ದೇಶಕರು ಮೂರನೆಯ ಪ್ರಶ್ನೆಗೆ ಗೀಟೆಳೆದು ಫೈಲು ಮುಚ್ಚಬಹುದು. ಸರ್ಜನ್ ಹೊರಟುಹೋಗಬಹುದು. ಥಿಯೇಟರು ಗಾಯ ಕಟ್ಟುವ ಕೋಣೆಯಾಗಬಹುದು.

ಇಲ್ಲಿ ಪ್ರಾಮಾಣಿಕತೆಯ ಬಗ್ಗೆ ನಾಲ್ಕು ಗಂಭೀರ ವಾಕ್ಯಗಳನ್ನು ಬರೆಯಲು ಅವಕಾಶವಿದೆ. ಆದರೆ ನಿಜವಾದ ಕಾರಣ ಎರಡು. ಮೊದಲನೆಯದು, ಸಿಸ್ಟರ್‌ಗೆ ಗೊತ್ತಿತ್ತು. ಅವರು ಯಾರಿಗೂ ಹೇಳುವವರಲ್ಲ, ಅದೇ ಕಷ್ಟ. ನಾನು ಹೊಸ ಟವರಿನೆದುರು ನಿಂತು ಹಲ್ವ ಹಂಚುವಾಗ ಅವರು ಒಂದು ತುಂಡು ತೆಗೆದುಕೊಂಡು, ನನ್ನನ್ನು ನೋಡಿ, ಸುಮ್ಮನೆ ತಿನ್ನುತ್ತಾರೆ. ಸರ್ವಿಸ್ ಮುಗಿಯುವವರೆಗೆ ಆ ಸುಮ್ಮನಿರುವಿಕೆಯ ಋಣದಲ್ಲಿ ಇರಲು ನನ್ನಿಂದ ಆಗುತ್ತಿರಲಿಲ್ಲ. ಎರಡನೆಯದು, ಫೈಲಿನೊಳಗೆ ಒಬ್ಬ ಮನುಷ್ಯನ ಸಹಿಯಿತ್ತು. ಮೇಲಿನ ಮಾತು ನನ್ನದು, ಕೆಳಗಿನ ಸಹಿ ಅವನದು.

ವಾರದ ರಜೆಯ ಶುಕ್ರವಾರ ಟುಬ್ಲಿಗೆ ಹೋದೆ. ಗ್ಯಾರೇಜು ಮುಚ್ಚಿತ್ತು, ಮೆಕ್ಯಾನಿಕ್ ಹಿಂದಿನ ರೂಮಿನಲ್ಲಿ ಬಟ್ಟೆ ಒಣಹಾಕುತ್ತಿದ್ದ. ಬಕೆಟನ್ನು ಕಾಲಿನಿಂದ ತಳ್ಳುತ್ತಿದ್ದ, ಎತ್ತುತ್ತಿರಲಿಲ್ಲ. ಫೈಲಿನಿಂದ ಬಿಡಿಸಿ ತಂದ ಕಾಗದವನ್ನು ಅವನ ಕೈಗೆ ಕೊಟ್ಟು ನಡೆದದ್ದನ್ನು ಹೇಳಿದೆ. ಕೇಬಲ್ಲು, ಗಾಜಿನ ಎಳೆ, ನನ್ನ ಸುತ್ತು, ಎಲ್ಲ. ಸರ್ಜನ್ ಹೇಳಿದ ಹೇಳಲಾಗದು ಎಂಬ ಮಾತನ್ನೂ ಹೇಳಿದೆ. ಅವನು ಕಾಗದ ಬಿಚ್ಚಿ ನೋಡಿದ.

"ವಯರ್" ಎಂದ.

"ಹೌದು."

"ನಮ್ಮಲ್ಲಾದ್ರೆ ಗಾಡಿ ವಾಪಸು ಬಂದ್ರೆ ಫ್ರೀಯಾಗಿ ಬಿಚ್ಚಿ ಸರಿ ಮಾಡಿ ಕೊಡ್ತೇವೆ ಅಣ್ಣ. ನೀವು ಎಂತ ಮಾಡ್ತೀರಿ?"

ಅವನು ಉತ್ತರಕ್ಕೆ ಕಾಯಲಿಲ್ಲ. ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟ. ಉಳಿದ ಬಟ್ಟೆಯನ್ನು ನಾನು ಹಿಂಡಿ ಕೊಟ್ಟೆ, ಅವನು ಹರವಿದ. ಚಹಾ ಕುಡಿಯುತ್ತೀರಾ ಎಂದು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಮೂರನೆಯ ಅರ್ಜಿ ಎರಡನೆಯದಕ್ಕಿಂತ ತೆಳ್ಳಗಿತ್ತು. ಅಕ್ಕಪಕ್ಕದ ಚಿತ್ರಗಳನ್ನು ಕಿತ್ತು, ಹೊಸ ಕೇಬಲ್ಲು ಸಿಕ್ಕಿಸಿ ಹಳೆಯ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳನ್ನು ಅಂಟಿಸಿದೆ. ಕೇಬಲ್ಲಿಗೆ ಮುಂಚಿನ ಪುಸ್ತಕ, ನಂತರದ ಪುಸ್ತಕ ಎರಡನ್ನೂ ಸೇರಿಸಿದೆ. ಮೊದಲ ಪುಟದಲ್ಲೇ ಬರೆದೆ: ಕತ್ತಲೆಯ ದೂರುಗಳಿಗೂ, ತೆರೆದ ಶಸ್ತ್ರಚಿಕಿತ್ಸೆಗೆ ತಿರುಗಿದ ಒಂದು ಕೇಸಿನ ಕತ್ತಲೆಗೂ ಕಾರಣ ಮುರಿದ ಕೇಬಲ್ಲು, ಅದು ಮುರಿದದ್ದು ನಾನು ಕಲಿಸಿದ ತಪ್ಪು ಕ್ರಮದಿಂದ, ಅದನ್ನು ಈ ಕೋರಿಕೆಯ ಲೆಕ್ಕಕ್ಕೆ ಹಿಡಿಯಬಾರದು. ಅವನ್ನೆಲ್ಲ ಕಳೆದ ಮೇಲೂ ಉಳಿಯುವ ಎರಡು ದೋಷಗಳು ಕ್ಯಾಮೆರಾದವು, ಅವಕ್ಕೆ ರಿಪೇರಿಯಿಲ್ಲ. ಸಾಹೇಬರು ಅದನ್ನು ಓದಿ, ಯಾ ಅಲ್ಲಾ ಎಂದಷ್ಟೇ ಹೇಳಿ ಸೀಲು ಒತ್ತಿದರು.

ಕಮಿಟಿಯ ಮುಂದೆ ನನ್ನನ್ನು ಕರೆದರು. ಹೊಸ ಟೈ ಕಟ್ಟಿಕೊಂಡಿದ್ದೆ. ತಲೆ ಕೊಡುವವರೂ ಚೆನ್ನಾಗಿ ಕಾಣಬೇಕಷ್ಟೆ. ನಿರ್ದೇಶಕರು ಬಹ್ರೇನಿನವರೇ, ಹಿರಿಯ ವೈದ್ಯೆ. ಮೊದಲ ಪುಟವನ್ನು ಎರಡು ಸಲ ಓದಿದರು. ಈಗ ಕೇಬಲ್ಲನ್ನು ಹೇಗೆ ಸುತ್ತುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕೈಯಲ್ಲಿ ಗಾಳಿಗೆ ದೊಡ್ಡ ವೃತ್ತ ಬರೆದು ತೋರಿಸಿದೆ. ಹಣಕಾಸಿನವರು ಕೆಮ್ಮಿದರು. ಆ ರೋಗಿಯ ಮುಂದಿನ ತಪಾಸಣೆಗಳನ್ನು ಆಸ್ಪತ್ರೆಯೇ ನೋಡಿಕೊಳ್ಳಬೇಕೆಂದು ನಿರ್ದೇಶಕರು ಫೈಲಿನಲ್ಲಿ ಬರೆದರು. ಆಮೇಲೆ ಇನ್ನೊಂದು ಪ್ರಶ್ನೆ: ಕೇಬಲ್ಲಿನ ದೋಷ ಕಂಡುಹಿಡಿದದ್ದು ಯಾರು?

ಇಡೀ ವ್ಯವಹಾರದಲ್ಲಿ ಅತ್ಯಂತ ಕಷ್ಟದ ವಾಕ್ಯ ಅದು. ಹೇಳಿದೆ. ಸಿಸ್ಟರ್ ಹೆಸರು ಪೂರ್ತಿಯಾಗಿ, ಇನಿಶಿಯಲ್ ಸಮೇತ.

ತೀರ್ಪು ಮರುವಾರ ಬಂತು. ಹೊಸ ಟವರಿಗೆ ಒಪ್ಪಿಗೆ. ಕೆಳಗೊಂದು ಶರತ್ತು: ಇನ್ನು ಮುಂದೆ ಆಸ್ಪತ್ರೆಯ ಎಲ್ಲ ವಿಡಿಯೊ ಉಪಕರಣಗಳ, ಸ್ಕೋಪುಗಳ, ಕೇಬಲ್ಲುಗಳ ಪಾಲನೆಯ ಜವಾಬ್ದಾರಿ ಎಂಡೋಸ್ಕೋಪಿಯ ಇನ್‌ಚಾರ್ಜ್ ಅವರದು. ಥಿಯೇಟರಿನವರು ಅವರ ರಿಜಿಸ್ಟರಿನಲ್ಲಿ ಸಹಿ ಹಾಕಿ ಒಯ್ಯಬೇಕು, ಸಹಿ ಹಾಕಿ ಮರಳಿಸಬೇಕು.

ಟವರು ಬಂದು ಮೊದಲ ಕೇಸಿನ ಬೆಳಿಗ್ಗೆ ಕಾರಿಡಾರಿನ ತುದಿಗೆ ನಡೆದು ಸಹಿ ಹಾಕಿದೆ. ಸಿಸ್ಟರ್ ಕೇಬಲ್ಲಿನ ಟ್ರೇಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟು, ಬರೆದದ್ದನ್ನು ಒಮ್ಮೆ ಓದಿ, ನಾನು ಸಮಯ ಹಾಕದೆ ಬಿಟ್ಟದ್ದನ್ನು ತೋರಿಸಿದರು. ಸಮಯ ಹಾಕಿದೆ. ನನ್ನದೇ ಟವರನ್ನು ನಾನು ಬೇಡಿ ತಂದೆ.

ಕ್ಯಾಮೆರಾದೆದುರು ಗಾಜ್ ಬಟ್ಟೆ ಹಿಡಿದು ಗುಂಡಿ ಒತ್ತಿದೆ. ಬಿಳಿ, ಬಿಳಿಯಾಗಿಯೇ ಕಂಡಿತು. ಕೊಳವೆ ಒಳಗೆ ಹೋಯಿತು. ಹಸಿರುಗಪ್ಪಿನ ಪಿತ್ತಕೋಶ, ಕಂದು ಲಿವರು, ಹಳದಿ ಕೊಬ್ಬು. ಬುಡದ ಎರಡು ನಾಳಗಳು ಬೇರೆ ಬೇರೆ ಎಂದು ಬಾಗಿಲಲ್ಲಿ ನಿಂತವರಿಗೂ ತಿಳಿಯುವಷ್ಟು. ಸರ್ಜನ್ ಎಲ್ಲೂ ಕೈ ನಿಲ್ಲಿಸದೆ ಮುಗಿಸಿದರು.

ಬಾಗಿಲಲ್ಲಿ ನಿಂತದ್ದು ಸಿಸ್ಟರ್. ಮಾಸ್ಕು ಕಟ್ಟಿ, ಕ್ಯಾಪು ಹಾಕಿ, ಮೊದಲಿನಿಂದ ಕೊನೆಯವರೆಗೆ ನಿಂತಿದ್ದರು. ಪರದೆ ಎಂಥದ್ದು, ಎಷ್ಟು ಇಂಚಿನದ್ದು, ತಮ್ಮದಕ್ಕಿಂತ ಎಷ್ಟು ದೊಡ್ಡದು ಎಂದು ಮೆಲ್ಲಗೆ ಕೇಳಿದರು. ಹೇಳಿದೆ. ಅವರ ಹುಬ್ಬು ಗಂಟಾಯಿತು. ಇಲ್ಲಿಗೆ ಯಾಕೆ ಬಂದಿರಿ ಸಿಸ್ಟರ್ ಎಂದು ನಾನು ಕೇಳಿರಲಿಲ್ಲ. ಅವರಾಗಿಯೇ, ಕೇಬಲ್ ನೋಡಿ ಹೋಗುವ ಅಂತ ಬಂದೆ ಎಂದರು. ಅಷ್ಟು ಹೊತ್ತಿನಲ್ಲಿ ಕೇಬಲ್ಲಿನ ಕಡೆ ಅವರು ಒಂದು ಸಲವೂ ನೋಡಲಿಲ್ಲ.